ಅವಧಿ ಮುಗಿದ ಲಸಿಕೆಯ ಲೆಕ್ಕ

ವ್ಯಾಪಾರದಲ್ಲಿ ಕೆಟ್ಟ ಸರಕು ಮಾರಿದವನಿಗೆ ಅದರ ಫಲ ಬೇಗನೆ ತಿಳಿಯುತ್ತದೆ. ಹುಳ ಬಿದ್ದ ಬೇಳೆ ಮರುದಿನವೇ ಅಂಗಡಿಗೆ ಮರಳುತ್ತದೆ. ಅಳತೆ ತಪ್ಪಿದ ಬೇರಿಂಗ್ ವಾರದೊಳಗೆ ಯಂತ್ರ ನಿಲ್ಲಿಸುತ್ತದೆ. ಗಿರಾಕಿಯ ದೂರೇ ಮಾರುಕಟ್ಟೆಯ ಅತ್ಯಂತ ಅಗ್ಗದ ತಪಾಸಣಾಧಿಕಾರಿ. ಆದರೆ ದೂರೇ ಬಾರದ ಸರಕೊಂದಿದೆ. ಗರ್ಭಕಂಠದ ಕ್ಯಾನ್ಸರ್ ತಡೆಯಲು ಕೊಡುವ ಎಚ್‌ಪಿವಿ ಲಸಿಕೆ ಅಂಥದ್ದು. ಅವಧಿ ಮೀರಿದ ಅಥವಾ ಹೆಪ್ಪುಗಟ್ಟಿ ಕೆಟ್ಟ ಲಸಿಕೆಯನ್ನು ಹನ್ನೆರಡು ವರ್ಷದ ಬಾಲಕಿಗೆ ಚುಚ್ಚಿದರೆ ಸಾಮಾನ್ಯವಾಗಿ ಅಂದು ಏನೂ ಆಗುವುದಿಲ್ಲ. ತಾಯಿ ನೆಮ್ಮದಿಯಿಂದ ಮನೆಗೆ ಹೋಗುತ್ತಾಳೆ. ಸೋಂಕು ಮುಂದೆ ಎಂದೋ ತಗಲಿ, ಅದು ಕ್ಯಾನ್ಸರ್ ಆಗಿ ಬೆಳೆಯಲು ಸಾಮಾನ್ಯವಾಗಿ 15ರಿಂದ 20 ವರ್ಷ ಹಿಡಿಯುತ್ತದೆ. ಆ ಹೊತ್ತಿಗೆ ಬಿಲ್ಲೂ ಇರುವುದಿಲ್ಲ, ಬ್ಯಾಚ್ ಸಂಖ್ಯೆ ಯಾರ ನೆನಪಿನಲ್ಲೂ ಉಳಿದಿರುವುದಿಲ್ಲ.

ಔಷಧ ವಿತರಕರು, ಶೀತಲೀಕರಣ ಘಟಕಗಳ ಮಾಲೀಕರು, ಸಾಗಣೆದಾರರು ನಮ್ಮ ಸದಸ್ಯರಲ್ಲಿದ್ದಾರೆ. ಕಾರ್ಖಾನೆಯ ನೌಕರರ ಹೆಣ್ಣುಮಕ್ಕಳಿಗಾಗಿ ಲಸಿಕಾ ಶಿಬಿರ ನಡೆಸುವ ಉದ್ಯಮಿಗಳೂ ಉಂಟು. ವೈದ್ಯಕೀಯ ವಿಷಯದಲ್ಲಿ ಲೆಕ್ಕಪರಿಶೋಧಕನಿಗೇನು ಕೆಲಸವೆಂದು ಕೇಳಬಹುದು. ವಿಷಯದ ಅರ್ಧಭಾಗ ದಾಸ್ತಾನಿನದು. ಅದು ನಮ್ಮ ಕ್ಷೇತ್ರವೇ.

ರೋಗದ ಪ್ರಮಾಣ ಅಲ್ಪವಲ್ಲ. 2022ರ ಅಂತಾರಾಷ್ಟ್ರೀಯ ಅಂದಾಜಿನಂತೆ ಭಾರತದಲ್ಲಿ ಆ ವರ್ಷ ಸುಮಾರು 1.27 ಲಕ್ಷ ಮಹಿಳೆಯರಲ್ಲಿ ಈ ಕ್ಯಾನ್ಸರ್ ಹೊಸದಾಗಿ ಪತ್ತೆಯಾಯಿತು. ಸುಮಾರು 80 ಸಾವಿರ ಮಂದಿ ಅಸುನೀಗಿದರು. ಇದರ ಮೂಲ ಹ್ಯೂಮನ್ ಪ್ಯಾಪಿಲೋಮಾ ವೈರಸ್ ಎಂಬುದನ್ನು ತೋರಿಸಿಕೊಟ್ಟ ಜರ್ಮನಿಯ ಹೆರಾಲ್ಡ್ ಟ್ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಈ ವೈರಸ್ಸಿನ 16 ಮತ್ತು 18ನೆಯ ಬಗೆಗಳೇ ಶೇ. 70ರಷ್ಟು ಪ್ರಕರಣಗಳಿಗೆ ಕಾರಣ. ಲಸಿಕೆ ಸೋಂಕನ್ನು ತಡೆಯುತ್ತದೆಯೇ ಹೊರತು ತಗಲಿದ ಸೋಂಕನ್ನು ವಾಸಿಮಾಡದು. ಆದಕಾರಣ ವಿಶ್ವ ಆರೋಗ್ಯ ಸಂಸ್ಥೆ 9ರಿಂದ 14ರ ವಯಸ್ಸಿನ ಬಾಲಕಿಯರಿಗೆ ಆದ್ಯತೆ ನೀಡಿದೆ. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ತಯಾರಿಸಿದ ಸರ್ವಾವ್ಯಾಕ್‌ಗೆ 2022ರ ಜುಲೈನಲ್ಲಿ ಅನುಮತಿ ದೊರೆತ ಮೇಲೆ ದೇಶೀಯ ಲಸಿಕೆಯೂ ಮಾರುಕಟ್ಟೆಗೆ ಬಂದಿದೆ.

ಇನ್ನು ಸರಕಿನ ಗುಣ. ಈ ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿಡಬೇಕು. ಹೆಚ್ಚು ತಂಪಾದಷ್ಟೂ ಒಳ್ಳೆಯದೆಂಬ ತಿಳಿವಳಿಕೆ ಇಲ್ಲಿ ಅಪಾಯಕಾರಿ. ಇದರಲ್ಲಿ ವೈರಸ್ಸಿನ ಹೊರಕವಚವನ್ನು ಹೋಲುವ ಪ್ರೋಟೀನ್ ಕಣಗಳು ಅಲ್ಯೂಮಿನಿಯಂ ಲವಣಕ್ಕೆ ಅಂಟಿಕೊಂಡಿರುತ್ತವೆ. ಹೆಪ್ಪುಗಟ್ಟಿದರೆ ಆ ಜೋಡಣೆ ಕೆಡುತ್ತದೆ. ಕರಗಿದ ಮೇಲೆ ಸೀಸೆ ಕಣ್ಣಿಗೆ ಸರಿಯಾಗಿಯೇ ಕಾಣಬಹುದು, ಆದರೂ ಅದನ್ನು ಬಳಸುವಂತಿಲ್ಲ. ಸೀಸೆಯ ಮೇಲಿನ ಅವಧಿ ದಿನಾಂಕವೂ ಈ ತಾಪಮಾನವನ್ನು ಪಾಲಿಸಿದವರಿಗೆ ಮಾತ್ರ ಅನ್ವಯ. ಫ್ರಿಜ್ಜಿನ ಬಾಗಿಲಿನಲ್ಲಿ ಅಥವಾ ಮಂಜುಗಡ್ಡೆಯ ಖಾನೆಗೆ ಒತ್ತಿ ಇಟ್ಟ ಲಸಿಕೆಗೆ ಚೀಟಿಯ ದಿನಾಂಕ ಏನನ್ನೂ ಖಾತರಿಪಡಿಸುವುದಿಲ್ಲ. ಕರೆಂಟು ಹೋಗಿ ಬರುವ ಊರುಗಳಲ್ಲಿ ಡೇಟಾ ಲಾಗರ್ ಖರ್ಚನ್ನು ವ್ಯರ್ಥವೆನ್ನುವವರು, ಪೆಟ್ಟಿಗೆಯಲ್ಲಿರುವ ಮಾಲಿನ ಬೆಲೆಯನ್ನೊಮ್ಮೆ ಕೂಡಿ ನೋಡಬೇಕು.

ಚೀಟಿಯ ಮೇಲೆ ತಿಂಗಳು ಮತ್ತು ವರ್ಷ ಮಾತ್ರ ಇದ್ದರೆ ಆ ತಿಂಗಳ ಕೊನೆಯ ದಿನದವರೆಗೆ ಬಳಸಬಹುದು. ಮರುದಿನದಿಂದ ಅದು ಸರಕಲ್ಲ. 1945ರ ಔಷಧ ನಿಯಮಗಳ 65ನೆಯ ನಿಯಮದಂತೆ ಅವಧಿ ಮೀರಿದ ಔಷಧವನ್ನು ಮಾರುವಂತಿಲ್ಲ. ಹಿಂದಿರುಗಿಸುವವರೆಗೆ ಪ್ರತ್ಯೇಕವಾಗಿ, ಮಾರಾಟಕ್ಕಲ್ಲ ಎಂಬ ಬರಹದೊಡನೆ ಇಡಬೇಕು. ದಿನಾಂಕವನ್ನು ತಿದ್ದುವ ಅಧಿಕಾರ ವ್ಯಾಪಾರಿಗಿಲ್ಲ. ಕೋವಿಡ್ ಕಾಲದಲ್ಲಿ ಕೋವ್ಯಾಕ್ಸಿನ್‌ನ ಬಾಳಿಕೆಯನ್ನು 9ರಿಂದ 12 ತಿಂಗಳಿಗೆ ವಿಸ್ತರಿಸಿ ಹೊಸ ಚೀಟಿ ಹಚ್ಚಿದ್ದುಂಟು. 2022ರ ಜನವರಿಯಲ್ಲಿ ಇದರಿಂದ ಪೋಷಕರಲ್ಲಿ ಆತಂಕ ಹುಟ್ಟಿದಾಗ ಆರೋಗ್ಯ ಸಚಿವಾಲಯ ಸ್ಪಷ್ಟೀಕರಣ ನೀಡಬೇಕಾಯಿತು. ಆ ವಿಸ್ತರಣೆಗೆ ಸ್ಥಿರತೆಯ ಪರೀಕ್ಷಾ ದಾಖಲೆಗಳನ್ನು ಪರಿಶೀಲಿಸಿದ ಔಷಧ ನಿಯಂತ್ರಣ ಪ್ರಾಧಿಕಾರದ ಒಪ್ಪಿಗೆಯಿತ್ತು. 'ಒಂದೆರಡು ತಿಂಗಳು ಹೆಚ್ಚಾದರೆ ಏನಾಗುತ್ತದೆ' ಎನ್ನುವ ಅಂಗಡಿಯ ಮಾತಿಗೆ ಅದನ್ನು ಆಧಾರ ಮಾಡಿಕೊಳ್ಳಲಾಗದು.

ಲೆಕ್ಕದ ಪುಸ್ತಕ ನೋಡೋಣ. ಔಷಧ ವಿತರಕರ ವರ್ಷಾಂತ್ಯದ ದಾಸ್ತಾನು ಪಟ್ಟಿಯಲ್ಲಿ ಸಂಖ್ಯೆ, ದರ, ಮೊತ್ತ ಇರುತ್ತವೆ. ಅವಧಿಯ ಅಂಕಣವೇ ಇಲ್ಲದ ಪಟ್ಟಿಗಳು ಇಂದಿಗೂ ಬರುತ್ತವೆ. ದಾಸ್ತಾನನ್ನು ಕೊಂಡ ಬೆಲೆ ಮತ್ತು ಮಾರಿ ಬರಬಹುದಾದ ಬೆಲೆ, ಇವೆರಡರಲ್ಲಿ ಕಡಿಮೆಯಾದುದಕ್ಕೆ ಕಟ್ಟಬೇಕೆಂಬುದು ಎರಡನೆಯ ಲೆಕ್ಕಪತ್ರ ಮಾನದಂಡದ ವಿಧಿ. ಏಪ್ರಿಲ್‌ನಲ್ಲಿ ಅವಧಿ ಮುಗಿಯುವ ಲಸಿಕೆಯನ್ನು ಮಾರ್ಚ್ 31ರಂದು ಪೂರ್ಣ ಬೆಲೆಗೆ ತೋರಿಸಿದರೆ ಇಲ್ಲದ ಲಾಭವನ್ನು ಬರೆದಂತೆ. ಮೊದಲು ಬಂದದ್ದು ಮೊದಲು ಹೋಗಲಿ ಎಂಬ ಕ್ರಮವೂ ಇಲ್ಲಿ ಸಾಲದು. ತಡವಾಗಿ ಬಂದ ಪೆಟ್ಟಿಗೆಯ ಅವಧಿ ಮೊದಲೇ ಮುಗಿಯಬಹುದು. ಮೊದಲು ಅವಧಿ ಮುಗಿಯುವುದು ಮೊದಲು ಹೊರಡಬೇಕು.

ತೆರಿಗೆಯ ಹೆದರಿಕೆಯಿಂದ ಹಳೆಯ ಮಾಲನ್ನು ಇಟ್ಟುಕೊಳ್ಳುವವರಿಗೆ 2018ರ ಅಕ್ಟೋಬರ್ 26ರ ಜಿಎಸ್‌ಟಿ ಸುತ್ತೋಲೆ, ಸಂಖ್ಯೆ 72, ದಾರಿ ತೋರಿಸಿದೆ. ಅವಧಿ ಮೀರಿದ ಔಷಧವನ್ನು ಹೊಸ ಪೂರೈಕೆಯೆಂದು ಬಿಲ್ಲು ಮಾಡಿ ಹಿಂದಿರುಗಿಸಬಹುದು, ಇಲ್ಲವೇ ಮಾರಿದವರಿಂದ ಕ್ರೆಡಿಟ್ ನೋಟ್ ಪಡೆಯಬಹುದು. ಹಣಕಾಸು ವರ್ಷ ಮುಗಿದ ನಂತರದ ನವೆಂಬರ್ 30 ದಾಟಿದರೆ ಕ್ರೆಡಿಟ್ ನೋಟ್ ಕೊಟ್ಟರೂ ತೆರಿಗೆಯ ಹೊಂದಾಣಿಕೆ ಸಿಗದು. ಮಾಲು ನಾಶಪಡಿಸಿದಾಗ ಕಾಯಿದೆಯ 17(5)(ಎಚ್) ಪ್ರಕಾರ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಹಿಂದಿರುಗಿಸಬೇಕು. ನಷ್ಟವೇನೋ ನಿಜ, ಆದರೆ ಅದು ಬರೆದು ಮುಗಿಸಬಹುದಾದ ನಷ್ಟ.

ಶಿಬಿರ ನಡೆಸುವವರು ಬೇರೊಂದು ಕಡೆ ಎಡವುತ್ತಾರೆ: ಮೊದಲು ಲಸಿಕೆ ಕೊಂಡು ಆಮೇಲೆ ತಂದೆತಾಯಿಗಳನ್ನು ಹುಡುಕುತ್ತಾರೆ. ರುಮೇನಿಯಾ ಸರ್ಕಾರ 2008ರ ನವೆಂಬರ್‌ನಲ್ಲಿ 10–11 ವರ್ಷದ ಸುಮಾರು 1,10,000 ಬಾಲಕಿಯರಿಗೆ ಶಾಲೆಗಳಲ್ಲೇ ಈ ಲಸಿಕೆ ಹಾಕಲು ಹೊರಟಿತು. ತಾಯಂದಿರ ಶಂಕೆಗಳಿಗೆ ಉತ್ತರ ಸಿಕ್ಕಿರಲಿಲ್ಲ. ಲಸಿಕೆ ಪಡೆದವರು ಶೇ. 2.57 ಮಾತ್ರ. ಮತ್ತೊಮ್ಮೆ ಯತ್ನಿಸಿದರೂ ಫಲಿಸದೆ 2011ರ ಕೊನೆಗೆ ಕಾರ್ಯಕ್ರಮವೇ ನಿಂತಿತು. ನಮ್ಮ ಸಿಕ್ಕಿಂ 2018ರಲ್ಲಿ ಶಿಕ್ಷಕರು, ಆರೋಗ್ಯ ಕಾರ್ಯಕರ್ತರು ಮತ್ತು ಪೋಷಕರಿಗೆ ಮುಂಚಿತವಾಗಿ ತಿಳಿವಳಿಕೆ ನೀಡಿ, ಗುರಿಯಿಟ್ಟ ಬಾಲಕಿಯರ ಪೈಕಿ ಶೇ. 97ರಷ್ಟು ಮಂದಿಗೆ ಮೊದಲ ಡೋಸ್ ತಲುಪಿಸಿತು. ಶಿಬಿರಕ್ಕೆ ಮುನ್ನ ಒಪ್ಪಿಗೆ ಪತ್ರಗಳನ್ನು ಸಂಗ್ರಹಿಸಿ, ಆ ಎಣಿಕೆಗೆ ತಕ್ಕಂತೆ ಖರೀದಿ ಮಾಡಿದರೆ ಫ್ರಿಜ್ಜಿನಲ್ಲಿ ಮಿಕ್ಕಿ ಅವಧಿ ಮುಗಿಯುವ ಪ್ರಶ್ನೆ ಬಹುಮಟ್ಟಿಗೆ ಬರುವುದಿಲ್ಲ. ರಿಯಾಯಿತಿ ದರದಲ್ಲಿ ಬಂತೆಂದು ಎರಡು ತಿಂಗಳ ಬಾಳಿಕೆಯ ಮಾಲು ಹಿಡಿಯುವುದಂತೂ ಬೇಡ. ಎರಡನೆಯ ಡೋಸ್‌ಗೆ ಸಾಮಾನ್ಯವಾಗಿ ಆರು ತಿಂಗಳ ಅಂತರವಿರುತ್ತದೆ.

ಕಣ್ತಪ್ಪಿನಿಂದ ಅವಧಿ ಮೀರಿದ ಡೋಸ್ ಹಾಕಿದ್ದು ಗೊತ್ತಾದರೆ ಮುಚ್ಚಿಡಬಾರದು. ಇದು ಜೀವಂತ ವೈರಸ್ಸಿನ ಲಸಿಕೆಯಲ್ಲ. ಅಂಥ ಡೋಸನ್ನು ಲೆಕ್ಕಕ್ಕೆ ಹಿಡಿಯದೆ ಆದಷ್ಟು ಬೇಗ ಮತ್ತೊಂದನ್ನು ಕೊಡಬೇಕೆಂಬುದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಸಲಹೆ. ಹುಡುಗಿಯನ್ನು ಮರಳಿ ಕರೆಸಲು ಅವಳ ವಿಳಾಸ ಬೇಕು, ಯಾವ ಬ್ಯಾಚಿನದೆಂದು ತಿಳಿದಿರಬೇಕು. ಆದ್ದರಿಂದ ಪ್ರತಿ ಬಾಲಕಿಯ ಲಸಿಕಾ ಚೀಟಿಯಲ್ಲಿಯೂ ಶಿಬಿರದ ವಹಿಯಲ್ಲಿಯೂ ಲಸಿಕೆಯ ಹೆಸರು, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ತಿಂಗಳು, ಹಾಕಿದ ದಿನಾಂಕ ಮತ್ತು ಹಾಕಿದವರ ಸಹಿ ಇರಲಿ. ವಹಿಯನ್ನು ತೆರಿಗೆ ದಾಖಲೆಗಳಂತೆ ಏಳೆಂಟು ವರ್ಷಕ್ಕೆ ರದ್ದಿಗೆ ಹಾಕಬೇಡಿ.