ಹಾಕುವುದು ಸುಲಭ, ತೆಗೆಯುವುದು ಕಷ್ಟ: ಪೇಸ್‌ಮೇಕರ್ ಲೀಡ್

ಗಂಗೊಳ್ಳಿ ಬಂದರಿನಲ್ಲಿ ಬಹುಕಾಲ ನೀರಲ್ಲೇ ಬಿದ್ದ ಹಗ್ಗಕ್ಕೆ ಚಿಪ್ಪು ಹತ್ತಿ ಅದು ಕಲ್ಲಿಗೇ ಕಚ್ಚಿಕೊಳ್ಳುತ್ತದೆ. ಜೋರಾಗಿ ಎಳೆದರೆ ಹಗ್ಗ ಹರಿಯುತ್ತದೆ. ಪೇಸ್‌ಮೇಕರಿನ ತಂತಿ, ಅಂದರೆ ಲೀಡ್, ರಕ್ತನಾಳದೊಳಗೆ ಹೀಗೇ ಕಚ್ಚಿಕೊಳ್ಳುತ್ತದೆ. ಆದರೆ ಇಲ್ಲಿ ಹರಿಯುವ ಭಯ ತಂತಿಯದ್ದಕ್ಕಿಂತ ಹೆಚ್ಚಾಗಿ ರಕ್ತನಾಳದ್ದು.

ಎದೆಯ ಚರ್ಮದಡಿಯ ಬ್ಯಾಟರಿ ಮುಗಿದರೆ ಬದಲಿಸುವುದು ಸಣ್ಣ ಕೆಲಸ. ಲೀಡ್ ಮಾತ್ರ ಭುಜದ ಬಳಿಯ ಅಭಿಧಮನಿಯಿಂದ ಇಳಿದು ಹೃದಯದ ಬಲಗಡೆಯ ಕೋಣೆಯಲ್ಲಿ ನೆಲೆ ನಿಂತಿರುತ್ತದೆ. ದೇಹ ಅದರ ಸುತ್ತ ನಾರಿನಂಥ ಅಂಗಾಂಶ ಬೆಳೆಸುತ್ತದೆ. ವರ್ಷಗಳು ಕಳೆದಂತೆ ಅದರಲ್ಲಿ ಸುಣ್ಣವೂ ಕಟ್ಟುತ್ತದೆ. ಮೊದಲ ವರ್ಷದೊಳಗಾದರೆ ಸಾಮಾನ್ಯವಾಗಿ ಮೆಲ್ಲಗೆ ಎಳೆದರೆ ಬರುತ್ತದೆ. ಆಮೇಲೆ ವಿಶೇಷ ಸಲಕರಣೆ ಬೇಕು. ಅದಕ್ಕೇ ಕೆಟ್ಟ ಲೀಡನ್ನು ಎಷ್ಟೋ ಸಲ ಒಳಗೇ ಬಿಟ್ಟು ಪಕ್ಕದಲ್ಲಿ ಹೊಸದನ್ನು ಹಾಕುತ್ತಾರೆ.

ಸೋಂಕು ತಗುಲಿದರೆ ಆ ದಾರಿ ಇಲ್ಲ. ಬ್ಯಾಕ್ಟೀರಿಯಾಗಳು ಲೀಡಿನ ಮೇಲೆ ಲೋಳೆಯ ಪದರ ಕಟ್ಟಿಕೊಂಡು ಅಡಗುತ್ತವೆ. ಆ್ಯಂಟಿಬಯೋಟಿಕ್ ಒಂದೇ ಸಾಲದು. ಬ್ಯಾಟರಿ, ಲೀಡ್ ಎಲ್ಲವೂ ಹೊರಬರಬೇಕು.

ತೆಗೆಯುವ ಉಪಾಯ ಜಾಣತನದ್ದು. ಲೀಡಿನ ಒಳಗಿನ ಟೊಳ್ಳಿಗೆ ಒಂದು ಸಪೂರ ತಂತಿ ಇಳಿಸಿ ತುದಿಯ ಹತ್ತಿರ ಲಾಕ್ ಮಾಡುತ್ತಾರೆ. ಆಗ ಎಳೆತ ನೇರ ತುದಿಗೇ ಮುಟ್ಟುತ್ತದೆ, ಲೀಡ್ ನಡುವೆ ಹಿಗ್ಗುವುದಿಲ್ಲ. ನಂತರ ಲೀಡಿನ ಮೇಲೆ ಕೊಳವೆಯೊಂದನ್ನು ತೂರಿಸಿ, ಅಂಟನ್ನು ಬಿಡಿಸುತ್ತಾ ಮುಂದಕ್ಕೆ ಹೋಗುತ್ತಾರೆ. ಕೊಳವೆಯ ತುದಿಯಲ್ಲಿ ತಿರುಗುವ ಅಲಗು ಇರಬಹುದು, ಇಲ್ಲವೇ 308 ನ್ಯಾನೋಮೀಟರಿನ ಲೇಸರ್. ಈ ಅತಿನೇರಳೆ ಕಿರಣ ಮಿಲಿಮೀಟರಿನ ಇಪ್ಪತ್ತರಲ್ಲಿ ಒಂದು ಭಾಗದಷ್ಟು ಆಳವನ್ನು ಮಾತ್ರ ಕರಗಿಸುತ್ತದೆ. ಕೊನೆಗೆ ಕೊಳವೆಯನ್ನು ಹೃದಯದ ಗೋಡೆಗೆ ಒತ್ತಿಹಿಡಿದು ಲೀಡನ್ನು ಎಳೆಯುತ್ತಾರೆ. ಗೋಡೆ ಒಳಕ್ಕೆ ಜಗ್ಗುವುದಿಲ್ಲ. ಲೀಡ್ ತುಂಡಾದರೆ ತೊಡೆಸಂದಿಯ ರಕ್ತನಾಳದಿಂದ ಕುಣಿಕೆ ಹಾಕಿ ಹಿಡಿಯುವುದೂ ಉಂಟು.

ದೊಡ್ಡ ಅಪಾಯವೆಂದರೆ ಹೃದಯಕ್ಕೆ ರಕ್ತ ತರುವ ಮೇಲಿನ ಮಹಾ ಅಭಿಧಮನಿ ಹರಿಯುವುದು. ಹರಿದರೆ ಕೈಯಲ್ಲಿರುವುದು ನಿಮಿಷಗಳು ಮಾತ್ರ. ಬಲೂನು ಉಬ್ಬಿಸಿ ರಂಧ್ರ ಮುಚ್ಚಿ, ಎದೆ ತೆರೆದು ಹೊಲಿಯಬೇಕು. 2017ರಲ್ಲಿ ಪ್ರಕಟವಾದ ಯುರೋಪಿನ ‘ಇಲೆಕ್ಟ್ರಾ’ ಅಧ್ಯಯನದಲ್ಲಿ ಲೀಡ್ ತೆಗೆಸಿಕೊಂಡ 3,510 ರೋಗಿಗಳ ಪೈಕಿ ಗಂಭೀರ ತೊಡಕು ಶೇ. 1.7, ಅದರಲ್ಲೇ ಸೇರಿದ ಸಾವು ಒಟ್ಟು ರೋಗಿಗಳ ಶೇ. 0.5. ನನ್ನ ಮಟ್ಟಿಗೆ ಇದು ಸಣ್ಣ ಅಂಕಿಯೇ, ಆದರೆ ಪಳಗಿದ ಕೈಗಳದ್ದು.

ಗಂಗೊಳ್ಳಿಯವರಿಗೆ ವೈದ್ಯರನ್ನು ಕಾಣಲು ಹೊಳೆಯಾಚೆ ಕಾಣುವ ಕುಂದಾಪುರಕ್ಕೂ ರಸ್ತೆಯಲ್ಲಿ ಸುತ್ತಿ ಹೋಗಬೇಕು. ಹಾಗೆಂದು ಸೋಂಕಿನ ಲಕ್ಷಣ ಕಂಡಾಗ ಸದ್ಯಕ್ಕೊಂದು ಮುಲಾಮು ಹಚ್ಚಿ ಕೂರಬೇಡಿ. ಬ್ಯಾಟರಿಯ ಮೇಲಿನ ಚರ್ಮ ಕೆಂಪಾದರೆ, ಬಿಸಿಯಾದರೆ, ಕೀವು ಕಂಡರೆ ಒತ್ತಬೇಡಿ, ಸೂಜಿ ಚುಚ್ಚಿಸಬೇಡಿ. ಪೇಸ್‌ಮೇಕರ್ ಕಾರ್ಡ್ ಹಿಡಿದು ಹೃದ್ರೋಗ ತಜ್ಞರ ಬಳಿ ಹೋಗಿ. ತೆಗೆಯಬೇಕೆಂದರೆ, ತೆರೆದ ಹೃದಯ ಶಸ್ತ್ರಚಿಕಿತ್ಸೆಯ ತಂಡ ಅಂದು ಸಿದ್ಧವಿರುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ.