ಬ್ಯಾಕಪ್ ಡ್ರೈವ್ ತುಂಬಿದರೆ...

ರಾತ್ರಿ ಗಲ್ಲಾ ಮುಚ್ಚಿದ ಮೇಲೆ ಬಿಲ್ಲಿಂಗ್ ಕಂಪ್ಯೂಟರ್ ತಾನಾಗಿಯೇ ಬ್ಯಾಕಪ್ ಮಾಡಿಕೊಳ್ಳುತ್ತದೆ ಎಂದು ನಾವು ಹೋಟೆಲಿನವರು ನಿಶ್ಚಿಂತೆಯಿಂದ ಇರುತ್ತೇವೆ. ಡ್ರೈವ್ ತುಂಬಿದರೆ ಅದು ನಿಲ್ಲುತ್ತದೆ. ಪರದೆಯಲ್ಲಿ ಬಂದ ಸೂಚನೆಯನ್ನು ಕ್ಯಾಶಿಯರ್ ಓದದೆ ಮುಚ್ಚಿಬಿಡುತ್ತಾನೆ. ಜಿಎಸ್‌ಟಿ ಲೆಕ್ಕಪತ್ರಗಳನ್ನೋ, ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಕಾದಿಡಲೇಬೇಕು.

ನಾವು ಕಂಡಂತೆ ಜಾಗ ತಿನ್ನುವುದು ಬಿಲ್ಲುಗಳಲ್ಲ, ಅದೇ ಡ್ರೈವಿಗೆ ತುಂಬಿದ ಸಿಸಿಟಿವಿ ರೆಕಾರ್ಡಿಂಗ್ (ಹುಡುಗರ ಸಿನಿಮಾಗಳೂ ಇರುತ್ತವೆ!). ಅವನ್ನು ಬೇರೆಡೆಗೆ ಸಾಗಿಸಿ, ರಿಸೈಕಲ್ ಬಿನ್ ಸಹ ಖಾಲಿ ಮಾಡಿ. ವಿಂಡೋಸ್‌ನ ಫೈಲ್ ಹಿಸ್ಟರಿ ಹಳೆಯ ಪ್ರತಿಗಳನ್ನು 'ಫಾರೆವರ್' ಇಡುವಂತೆ ಮೊದಲೇ ಹೊಂದಿಸಿರುತ್ತದೆ. 'ಅಂಟಿಲ್ ಸ್ಪೇಸ್ ಈಸ್ ನೀಡೆಡ್' ಎಂದು ಬದಲಿಸಿದರೆ ಹಳೆಯವು ತಾವಾಗಿಯೇ ಅಳಿಯುತ್ತವೆ. ಅದಕ್ಕೆ ಮೊದಲು ಪ್ರತಿ ವರ್ಷದ ಮಾರ್ಚ್ 31ರ ಲೆಕ್ಕವನ್ನು ಇನ್ನೊಂದು ಡ್ರೈವಿಗೆ ಹಾಕಿ, ಮನೆಯಲ್ಲಿಡಿ. ವಾರಕ್ಕೊಮ್ಮೆ ಬ್ಯಾಕಪ್ಪಿನ ತಾರೀಕು ನೋಡಿ, ಒಂದು ಹಳೆ ಬಿಲ್ಲು ತೆರೆಯುತ್ತದೆಯೇ ಎಂದು ಪರೀಕ್ಷಿಸಿ.