ಒಂದು ರಾತ್ರಿಯ ಆಟಕ್ಕೆ 4,440 ರೂಪಾಯಿ

ಶ್ರೀಕೃಷ್ಣ ಪಾರಿಜಾತದ ಆಟ ನಡೆಯುತ್ತಿರುವಾಗ ಮಧ್ಯದಲ್ಲೇ ಹಾಡು ನಿಲ್ಲುತ್ತದೆ. ಮೈಕಿನ ಮುಂದೆ ಒಬ್ಬರು ಬಂದು, ಇಂಥ ಊರಿನ ಇಂಥವರು ಸತ್ಯಭಾಮೆಯ ಪಾತ್ರಕ್ಕೆ ನೂರು ರೂಪಾಯಿ ಆಹೇರಿ ಮಾಡಿದ್ದಾರೆ ಎಂದು ಕೂಗುತ್ತಾರೆ. ಹತ್ತು, ಐವತ್ತು, ನೂರು, ಅಪರೂಪಕ್ಕೆ ಐನೂರು. ಬೆಳಗಾವಿ ಸೀಮೆಯಲ್ಲಿ ಕಲೆಗೆ ಸಿಗುವ ಅತಿ ಹಳೆಯ, ಅತಿ ಸಣ್ಣ ಅನುದಾನ ಇದು. ಅರ್ಜಿಯಿಲ್ಲ, ಲೆಕ್ಕಪರಿಶೋಧನೆಯಿಲ್ಲ. ಹಣ ಬಳಸಿದ ಪ್ರಮಾಣಪತ್ರ ಕೂಡ ಅಲ್ಲೇ ಮೈಕಿನಲ್ಲಿ ಎಲ್ಲರ ಕಿವಿಗೆ ಬೀಳುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ದುಡ್ಡು ಆಟ ಆಡಿದ ರಾತ್ರಿಯೇ ಕೈಗೆ ಬರುತ್ತದೆ.

ಸರ್ಕಾರದ ಸಣ್ಣ ಅನುದಾನಗಳನ್ನು ಅಳೆಯಲು ಒಂದು ಅಳತೆಗೋಲು ಬೇಕಲ್ಲ? ನಾನು ಆರಿಸಿಕೊಂಡದ್ದು ಉದ್ಯೋಗ ಖಾತ್ರಿಯ ಕೂಲಿ. ಕರ್ನಾಟಕಕ್ಕೆ 2025-26ರಲ್ಲಿ ಅದು ದಿನಕ್ಕೆ 370 ರೂಪಾಯಿ. ರಾತ್ರಿ ಹತ್ತಕ್ಕೆ ಕಟ್ಟೆ ಹತ್ತಿ ಬೆಳಕು ಹರಿಯುವಾಗ ಇಳಿಯುವ ಕಲಾವಿದನ ದುಡಿಮೆ ಮಣ್ಣು ಅಗೆಯುವವನ ದುಡಿಮೆಗಿಂತ ಕಡಿಮೆಯಲ್ಲ ಎಂದು ಒಪ್ಪಿಕೊಂಡರೆ ಸಾಕು. ಪಾತ್ರಧಾರಿಗಳು, ಭಾಗವತ, ಹಾರ್ಮೋನಿಯಂ, ತಬಲಾ, ತಾಳದವರು ಸೇರಿ ಹನ್ನೆರಡು ಜನರ ಮೇಳ ಎಂದು ಹಿಡಿಯೋಣ. 12 ಗುಣಿಸು 370, ಒಟ್ಟು 4,440. ಇದು ಬರಿಯ ಕೂಲಿ. ವೇಷ, ಬಣ್ಣ, ಗಾಡಿ ಬಾಡಿಗೆ, ಊಟ ಯಾವುದೂ ಇದರಲ್ಲಿಲ್ಲ. ಪಾರಿಜಾತಕ್ಕೆ ಹೆಸರಾದ ಕುಲಗೋಡ ತಮ್ಮಣ್ಣನ, ಕೌಜಲಗಿ ನಿಂಗಮ್ಮನ ಪರಂಪರೆಯ ಆಟವೊಂದಕ್ಕೆ ಕೂಲಿಯ ದರ ಕಟ್ಟುವುದು ಒರಟುತನವೇ ಸರಿ. ಆದರೂ ಇನ್ನು ಮುಂದೆ ಈ ಲೇಖನದಲ್ಲಿ ಒಂದು ರಾತ್ರಿ ಎಂದರೆ 4,440 ರೂಪಾಯಿ.

ಮೊದಲು ರಾಜ್ಯದ ಮಾಸಾಶನ. 58 ದಾಟಿದ, ಕಷ್ಟದಲ್ಲಿರುವ ಸಾಹಿತಿ ಕಲಾವಿದರಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಕೊಡುವ ಹಣ ಇದು. ಹಿಂದೆ ತಿಂಗಳಿಗೆ 1,500 ಇತ್ತು, ಆಮೇಲೆ 2,000 ಆಯಿತು. ಎರಡು ಸಾವಿರವನ್ನು 370ರಿಂದ ಭಾಗಿಸಿದರೆ ಐದೂವರೆ ದಿನದ ಕೂಲಿಯೂ ಪೂರ್ತಿ ಆಗುವುದಿಲ್ಲ. ಗೃಹಲಕ್ಷ್ಮಿ ಯೋಜನೆಯಲ್ಲಿ 2023ರ ಆಗಸ್ಟ್‌ನಿಂದ ಮನೆಯ ಯಜಮಾನಿಗೆ ಬರುತ್ತಿರುವ ಮೊತ್ತವೂ ಇದೇ, ಎರಡು ಸಾವಿರ. ಅಂದರೆ ನಲವತ್ತು ವರ್ಷ ದಪ್ಪು ಬಾರಿಸಿದ್ದಕ್ಕೆ ಕಟ್ಟಿದ ಬೆಲೆಯೂ ಮನೆ ನಡೆಸಿದ್ದಕ್ಕೆ ಕಟ್ಟಿದ ಬೆಲೆಯೂ ಸರಿಸಮವಾಗಿತ್ತು. ಯಜಮಾನಿಗೆ ಹೆಚ್ಚಾಯಿತು ಎಂದು ನಾನು ಹೇಳುತ್ತಿಲ್ಲ.

ಕೇಂದ್ರದ ಸಂಸ್ಕೃತಿ ಸಚಿವಾಲಯ ಹಿರಿಯ ಕಲಾವಿದರಿಗೆ ತಿಂಗಳಿಗೆ 6,000 ರೂಪಾಯಿವರೆಗೆ ಕೊಡುತ್ತದೆ. ವಯಸ್ಸು 60 ಆಗಿರಬೇಕು, ವರ್ಷದ ಆದಾಯ 72,000 ಮೀರಿರಬಾರದು. ಆರು ಸಾವಿರವನ್ನು ಹನ್ನೆರಡು ತಿಂಗಳಿಗೆ ಗುಣಿಸಿ ನೋಡಿ: ಸರಿಯಾಗಿ 72,000. ಯಾರು ಬಡವರು ಎಂಬ ಗೆರೆಯನ್ನೂ ಎಷ್ಟು ಕೊಟ್ಟರೆ ಸಾಕು ಎಂಬ ಗೆರೆಯನ್ನೂ ಒಂದೇ ಅಂಕಿಯಲ್ಲಿ ಎಳೆದಿದ್ದಾರೆ.

ಪ್ರಶಸ್ತಿಯ ಲೆಕ್ಕ ಬೇರೆ ಥರದ್ದು. ಕರ್ನಾಟಕ ಜಾನಪದ ಅಕಾಡೆಮಿಯ ವಾರ್ಷಿಕ ಗೌರವ ಪ್ರಶಸ್ತಿ ಜಿಲ್ಲೆಗೊಬ್ಬರಂತೆ 25,000 ರೂಪಾಯಿ. ಒಂದು ಮೇಳಕ್ಕೆ ಇದು ಐದೂವರೆ ರಾತ್ರಿ. ಮೊತ್ತಕ್ಕಿಂತ ಆ 'ಜಿಲ್ಲೆಗೊಬ್ಬರು' ಎಂಬ ಮಾತೇ ನನಗೆ ಹೆಚ್ಚು ಚುಚ್ಚುತ್ತದೆ. 2011ರ ಜನಗಣತಿಯಲ್ಲಿ ಬೆಳಗಾವಿ ಜಿಲ್ಲೆಯ ಜನಸಂಖ್ಯೆ 47,79,661, ಕೊಡಗಿನದು 5,54,519. ಎಂಟೂವರೆ ಕೊಡಗುಗಳು ಇಲ್ಲಿ ಹಿಡಿಸುತ್ತವೆ. ಹದಿನೈದು ತಾಲ್ಲೂಕುಗಳ ಈ ಜಿಲ್ಲೆಯಲ್ಲಿ ಸರದಿ ಪ್ರಕಾರ ಹೋದರೂ ಖಾನಾಪುರದ ಪಾಳಿ ಹದಿನೈದು ವರ್ಷಕ್ಕೊಮ್ಮೆ. ಅಷ್ಟರಲ್ಲಿ ಮೇಳದ ಹಿರಿಯರಲ್ಲಿ ಎಷ್ಟು ಮಂದಿ ಉಳಿದಿರುತ್ತಾರೋ.

ಎಳೆಯರ ಪಾಲು ನೋಡೋಣ. 10ರಿಂದ 14 ವರ್ಷದ ಮಕ್ಕಳಿಗೆ ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರ ಕೊಡುವ ಪ್ರತಿಭಾ ವಿದ್ಯಾರ್ಥಿವೇತನ ವರ್ಷಕ್ಕೆ 3,600 ರೂಪಾಯಿ. ಗುರುವಿನ ಶುಲ್ಕ ಪ್ರತ್ಯೇಕ. ತಿಂಗಳಿಗೆ 300 ಆಯಿತು, ಒಂದು ದಿನದ ಕೂಲಿಗೂ ಕಡಿಮೆ. ಬೆಳಗಾವಿ ಪಕ್ಕದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಕೊಂಕಾಳಿಮಠ ಎಂಬ ಹುಡುಗ ಇದೇ ವಯಸ್ಸಿನ ಆಸುಪಾಸಿನಲ್ಲಿ ಮುಂಬೈಗೆ ಹೋಗಿ ದೇವಧರ್ ಅವರ ಬಳಿ ಸಂಗೀತ ಕಲಿತ; ಇಂದು ನಗರದ ನೆಹರೂ ನಗರದಲ್ಲಿರುವ ರಂಗಮಂದಿರಕ್ಕೆ ಅವನದೇ ಹೆಸರು, ಕುಮಾರ ಗಂಧರ್ವ. 18ರಿಂದ 25ರ ಯುವ ಕಲಾವಿದರಿಗೆ ಕೇಂದ್ರದ ಶಿಷ್ಯವೇತನ ತಿಂಗಳಿಗೆ 5,000, ಎರಡು ವರ್ಷಕ್ಕೆ 1,20,000. ಮೊತ್ತ ಪರವಾಗಿಲ್ಲ. ಆದರೆ ಇಡೀ ದೇಶಕ್ಕೆ ಹೆಚ್ಚೆಂದರೆ ವರ್ಷಕ್ಕೆ 400 ಜನಕ್ಕೆ. ದೇಶದಲ್ಲಿ ಏಳುನೂರೈವತ್ತಕ್ಕೂ ಹೆಚ್ಚು ಜಿಲ್ಲೆಗಳಿವೆ. ಜಿಲ್ಲೆಗೆ ಅರ್ಧ ಕಲಾವಿದ! ಅದೂ ತಿಂಗಳಿಗೊಮ್ಮೆ ಬರುವುದಲ್ಲ, ಆರು ತಿಂಗಳಿಗೊಮ್ಮೆ ನಾಲ್ಕು ಕಂತಿನಲ್ಲಿ.

ಮೇಳವನ್ನೇ ಸಾಕುವ ಯೋಜನೆ ಒಂದೇ ಒಂದಿದೆ, ಕೇಂದ್ರದ ಗುರು-ಶಿಷ್ಯ ಪರಂಪರೆಯ ನೆರವು. ಗುರುವಿಗೆ ತಿಂಗಳಿಗೆ 15,000. ಶಿಷ್ಯರಿಗೆ ವಯಸ್ಸಿನ ಪ್ರಕಾರ 2,000ದಿಂದ 10,000. 18 ದಾಟಿದವರಿಗೆ ಪೂರಾ ಹತ್ತು ಸಾವಿರ. ನಮ್ಮ ಹನ್ನೆರಡು ಜನರ ಮೇಳದಲ್ಲಿ ಒಬ್ಬ ಗುರು, ಹನ್ನೊಂದು ದೊಡ್ಡವರು ಎಂದರೆ ತಿಂಗಳಿಗೆ 1,25,000, ವರ್ಷಕ್ಕೆ 15 ಲಕ್ಷ. ರಾತ್ರಿಯ ಲೆಕ್ಕದಲ್ಲಿ 337. ಇಷ್ಟು ಆಟ ಆಡಲು ವರ್ಷದಲ್ಲಿ ಮಳೆಯಿಲ್ಲದ ರಾತ್ರಿಗಳೇ ಅಷ್ಟಿಲ್ಲ, ಖಾನಾಪುರದಲ್ಲಂತೂ ಇಲ್ಲವೇ ಇಲ್ಲ. ಕಾಗದದ ಮೇಲೆ ಇದು ಸಣ್ಣ ಅನುದಾನವೇ ಅಲ್ಲ. ದೊಡ್ಡ ನಗರಗಳ ರೆಪರ್ಟರಿಗಳು ಇದರ ದಾರಿ ಬಲ್ಲವು. ಹಳ್ಳಿಯ ಮೇಳಕ್ಕೆ ಅದರ ಬಾಗಿಲೇ ಎತ್ತರ.

ಬಾಗಿಲು ಎಂದೆನಲ್ಲ, ಅದರ ಅಳತೆ ಹೇಳುತ್ತೇನೆ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರದ್ದು. ಸಂಘ ಕಟ್ಟಲು ಕನಿಷ್ಠ ಏಳು ಜನ ಬೇಕು. ಗೀಗೀ ಮೇಳದಲ್ಲಿ ಇರುವುದು ದಪ್ಪಿನವರು, ತುಂತುಣಿಯವರು, ತಾಳದವರು, ಜೊತೆಗೊಬ್ಬರು, ನಾಲ್ಕು ಮಂದಿ ಎನ್ನಿ. ಅನುದಾನ ಕೇಳಬೇಕಾದರೆ ಹಾಡದ ಮೂವರನ್ನು ಸೇರಿಸಿಕೊಳ್ಳಬೇಕು. ಕೇಂದ್ರಕ್ಕೆ ಬರೆಯುವುದಾದರೆ ಆ ಸಂಘಕ್ಕೆ ಮೂರು ವರ್ಷ ತುಂಬಿರಬೇಕು, ಮೂರು ವರ್ಷದ ಲೆಕ್ಕಪರಿಶೋಧನೆ ಇರಬೇಕು. ನಂದಗಡದ ಬದಿಯ ಮೇಳವೊಂದು, ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ಗಲ್ಲಿಗೇರಿಸಿದ ನೆಲದಲ್ಲೇ ನಿಂತು ಅವನ ಲಾವಣಿ ಹಾಡುವ ಮೇಳ, ಒಂದು ಅರ್ಜಿಗಾಗಿ ಬೆಳಗಾವಿಗೆ ನಾಲ್ಕು ಸಲ ಓಡಾಡಿದರೆ ಒಬ್ಬನಿಗೆ ನಾಲ್ಕು ದಿನದ ಕೂಲಿ, 1,480 ರೂಪಾಯಿ, ಹೋಯಿತು. ಅನುದಾನ ಐದು ಲಕ್ಷವಿದ್ದರೂ ಹತ್ತು ಸಾವಿರವಿದ್ದರೂ ಈ ಓಡಾಟದ ಖರ್ಚು ಅಷ್ಟೇ. ಹತ್ತು ಸಾವಿರದಲ್ಲಿ ಅದು ಏಳರಲ್ಲೊಂದು ಪಾಲು.

ಐದು ಲಕ್ಷ ಎಂಬುದು ಸುಮ್ಮನೆ ಹೇಳಿದ್ದಲ್ಲ. ಸಾಂಸ್ಕೃತಿಕ ಕಾರ್ಯಕ್ರಮ ಮತ್ತು ನಿರ್ಮಾಣಕ್ಕೆ ಕೇಂದ್ರ ಕೊಡುವ ನೆರವಿನ ಸಾಮಾನ್ಯ ಮಿತಿ ಅದು. ಬರುವುದು ಎರಡು ಕಂತಿನಲ್ಲಿ: ಮೊದಲು 75 ಭಾಗ, ಕಾರ್ಯಕ್ರಮ ಮುಗಿದು ಲೆಕ್ಕ ಒಪ್ಪಿಸಿದ ಮೇಲೆ 25 ಭಾಗ. ಆ ಕಾಲುಭಾಗ 1,25,000 ರೂಪಾಯಿಯನ್ನು ಸಂಘ ಎಲ್ಲಿಂದಲಾದರೂ ತರಬೇಕು. ಪೆಂಡಾಲಿನವನು, ಮೈಕಿನವನು, ಅಡುಗೆಯವನು ಎರಡನೇ ಕಂತಿಗೆ ಕಾಯುವುದಿಲ್ಲ. ನೂರಕ್ಕೆ ಮೂರರ ಬಡ್ಡಿಯಲ್ಲಿ ತಂದರೆ ತಿಂಗಳಿಗೆ 3,750. ಕಂತು ಆರು ತಿಂಗಳು ತಡವಾದರೆ 22,500, ಅಂದರೆ ಐದು ರಾತ್ರಿಯ ಆಟ ಸಾಹುಕಾರನ ಮನೆ ಸೇರಿತು. ಮಂಜೂರಾತಿ ಪತ್ರದಲ್ಲಿ ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಯುತ್ತಾರೆ. ಕೊನೆಯ ಕಂತು ಯಾವತ್ತು ಬರುತ್ತದೆ ಎಂಬುದನ್ನು ಎರಡರಲ್ಲೂ ಬರೆಯುವುದಿಲ್ಲ. ಕಲಾವಿದನ ಲೆಕ್ಕದಲ್ಲಿ ದಿನಾಂಕವೂ ಒಂದು ಅಂಕಿಯೇ.

ಕಂಪನಿ ನಾಟಕದವರಿಗೆ ಈ ಗುಟ್ಟು ಗೊತ್ತಿತ್ತು. ಸವದತ್ತಿ ತಾಲ್ಲೂಕಿನ ಏಣಗಿಯವರಾದ ಬಾಳಪ್ಪನವರು 1914ರಲ್ಲಿ ಹುಟ್ಟಿ 2017ರವರೆಗೆ ಬದುಕಿದರು. ಅವರ ಕಲಾವೈಭವ ನಾಟ್ಯಸಂಘ ನಿಂತದ್ದು ಟಿಕೆಟಿನ ಮೇಲೆ. ಇಂದಿನ ಗಲ್ಲಾ ಇಂದಿನ ಪಗಾರಕ್ಕೆ. ಆ ಕಾಲವನ್ನು ಕೊಂಡಾಡಲು ಇದನ್ನು ಹೇಳುತ್ತಿಲ್ಲ, ಮಳೆ ಹಿಡಿದರೆ ಕಂಪನಿ ಉಪವಾಸ ಬೀಳುತ್ತಿತ್ತು ಎಂಬುದೂ ಅಷ್ಟೇ ನಿಜ.

ಕಲೆಗೆಂದು ಬರೆಯದ, ಆದರೆ ಕಲೆಗೆ ಸಮಯಕ್ಕೆ ಸರಿಯಾಗಿ ಸಿಗುವ ಅನುದಾನಗಳೂ ಇವೆ. 2023ರ ಜೂನ್ 11ರಿಂದ ಶುರುವಾದ ಶಕ್ತಿ ಯೋಜನೆ ಅಂಥದ್ದು. ಸೋಬಾನೆ ಹಾಡುವ ಐವರು ಹೆಣ್ಣುಮಕ್ಕಳು ಖಾನಾಪುರದಿಂದ ಸುಮಾರು 26 ಕಿಲೋಮೀಟರ್ ದೂರದ ಬೆಳಗಾವಿಗೆ ಕಾರ್ಯಕ್ರಮಕ್ಕೆ ಬಂದು ಹೋದರೆ ಬಸ್ಸಿನ ಹತ್ತು ಟಿಕೆಟ್ ಉಳಿಯಿತು. ಅರ್ಜಿ ಬೇಡ, ಆಧಾರ್ ತೋರಿಸಿದರಾಯಿತು. ಪ್ರಯಾಣಭತ್ಯೆ ಆಮೇಲೆ ಕೊಡುತ್ತೇವೆ ಎನ್ನುವ ಸಂಘಟಕರ ಮಾತಿಗಿಂತ ಕಂಡಕ್ಟರ್ ಹರಿದು ಕೊಡುವ ಶೂನ್ಯ ಮೊತ್ತದ ಚೀಟಿ ಮೇಲು.

ಕಾನೂನಿನ ದಿನಾಂಕಕ್ಕೂ ಇದೇ ತೂಕ. ಉತ್ತರ ಕನ್ನಡದ ಸಿದ್ದಿಗಳಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. ಬೆಳಗಾವಿ, ಧಾರವಾಡ ಜಿಲ್ಲೆಯ ಸಿದ್ದಿಗಳಿಗೆ ಸಿಕ್ಕಿದ್ದು 2020ರಲ್ಲಿ. ಅವರ ಡಮಾಮಿ ವಾದ್ಯದ ಪೆಟ್ಟು ಎರಡೂ ಕಡೆ ಒಂದೇ. ನಡುವೆ ಜಿಲ್ಲೆಯ ಗೆರೆ, ಆ ಗೆರೆ ದಾಟಲು ಹದಿನೇಳು ವರ್ಷ.

ಖಾನಾಪುರದ ಹೆಸರು ಬಂದಾಗ ಮಣ್ಣನ್ನು ಬಿಡುವ ಹಾಗಿಲ್ಲ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮ ಕುಂಬಾರಿಕೆ ಸಂಸ್ಥೆ ಇರುವುದು ಇದೇ ಊರಲ್ಲಿ, ಇಲ್ಲಿಯ ಜೇಡಿಮಣ್ಣನ್ನು ನಂಬಿ. ತಿಗರಿ ತಿರುಗಿಸುವವನು ಸಂಸ್ಕೃತಿ ಇಲಾಖೆಯ ಕಣ್ಣಿಗೆ ಕಲಾವಿದನಲ್ಲ, ಕುಶಲಕರ್ಮಿ. ವಿಚಿತ್ರವೆಂದರೆ ಆ ಪಟ್ಟಿಯಲ್ಲಿ ಇರುವುದೇ ಅವನಿಗೆ ಲಾಭವಾಗಿದೆ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕುಂಬಾರಿಕೆ ಒಂದು, ಶಿಲ್ಪವೂ ಒಂದು. ತರಬೇತಿಯ ದಿನಕ್ಕೆ 500 ರೂಪಾಯಿ, ಉಪಕರಣಕ್ಕೆ 15,000. ಆನ್‌ಲೈನಿನಲ್ಲಿ ದುಡ್ಡು ಪಡೆದರೆ ಒಂದೊಂದು ವಹಿವಾಟಿಗೆ ಒಂದು ರೂಪಾಯಿ, ತಿಂಗಳಿಗೆ ನೂರು ರೂಪಾಯಿ ಮಿತಿ. ಈ ಒಂದು ರೂಪಾಯಿ ಯಾರ ತಲೆಯಲ್ಲಿ ಹೊಳೆಯಿತೋ, ಆಹೇರಿಯ ಮಜವೇ ಇದರಲ್ಲಿದೆ.

ವಿಶ್ವಕರ್ಮ ಯೋಜನೆಯಲ್ಲಿ ನಿಜವಾದ ತೂಕ ಇರುವುದು ಸಾಲಕ್ಕೆ. ಮೊದಲ ಹಂತದಲ್ಲಿ ಒಂದು ಲಕ್ಷ, ವರ್ಷಕ್ಕೆ ಶೇ 5ರ ಬಡ್ಡಿ, 18 ತಿಂಗಳಲ್ಲಿ ತೀರಿಸಬೇಕು. ಸಮ ಕಂತಿನಲ್ಲಿ ಕಟ್ಟಿದರೆ ಒಟ್ಟು ಬಡ್ಡಿ ಸುಮಾರು 4,000. ಇದೇ ಒಂದು ಲಕ್ಷವನ್ನು ತಿಂಗಳಿಗೆ ನೂರಕ್ಕೆ ಮೂರರಂತೆ ಹೊರಗೆ ತಂದು ಹೀಗೇ ಕಂತಿನಲ್ಲಿ ತೀರಿಸಿದರೆ ಬಡ್ಡಿ ಸುಮಾರು 31,000. ವ್ಯತ್ಯಾಸ 27,000. ಉಪಕರಣಕ್ಕೆಂದು ಕೊಡುವ 15,000ಕ್ಕಿಂತ ಅಗ್ಗದ ಸಾಲವೇ ದೊಡ್ಡ ಅನುದಾನವಾಯಿತು, ಬ್ಯಾಂಕು ಅದನ್ನು ಬೇಸಿಗೆಯಲ್ಲಿ ಕೊಟ್ಟರೆ. ಜೂನ್ ನಂತರ ಕೊಟ್ಟರೆ ಕೊಡ ಒಣಗಿಸಲು ಬಿಸಿಲಿಲ್ಲ, ಆವಿಗೆ ಉರಿಸಲು ಒಣ ಕಟ್ಟಿಗೆಯಿಲ್ಲ, ಕಂತು ಮಾತ್ರ ಮೊದಲ ತಿಂಗಳಿಂದಲೇ ಓಡುತ್ತದೆ.

ಮೇಳದವರ ವರ್ಷವೂ ಹಾಗೇ. ಸುಗ್ಗಿ ಮುಗಿದು ಸಂಕ್ರಾಂತಿ, ಭರತ ಹುಣ್ಣಿಮೆ ದಾಟಿ ಊರೂರ ಜಾತ್ರೆಗಳು ಸಾಲುಗಟ್ಟುವ ಹೊತ್ತಿಗೆ ಹಾರ್ಮೋನಿಯಂ ರಿಪೇರಿಗೆ, ವೇಷಕ್ಕೆ, ಮುಂಗಡಕ್ಕೆ ದುಡ್ಡು ಬೇಕು. ಇಲಾಖೆಗಳ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ, ಹಣ ಬಿಡುಗಡೆಯ ಗದ್ದಲ ಆ ಕೊನೆಯ ವಾರಗಳಲ್ಲಿ. ಒಂದು ಹಂಗಾಮಿಗೆ ಮೂವತ್ತು ರಾತ್ರಿ ಆಡುವ ಮೇಳಕ್ಕೆ ಕೂಲಿ ಲೆಕ್ಕದಲ್ಲಿ ಬೇಕಾದದ್ದು 1,33,200 ರೂಪಾಯಿ. ಅದರ ಹತ್ತರಲ್ಲೊಂದು ಭಾಗ, 13,320, ಡಿಸೆಂಬರಿನಲ್ಲಿ ಮೇಳದ ಹಿರಿಯನ ಕೈಯಲ್ಲಿದ್ದರೆ ಅವನು ಸಾಹುಕಾರನ ಮನೆ ಕಡೆ ಹೋಗದೆ ನೇರ ಹಾರ್ಮೋನಿಯಂ ರಿಪೇರಿಯವನ ಅಂಗಡಿಗೆ ಹೋಗುತ್ತಾನೆ.